ಇಲಿಯ ಪಿತ್ತದಾಗ ಸಿಕ್ಕ ಗುಳಿಗಿ

ಅಂತೂರ-ಬೆಂತೂರಿನಿಂದ ನಮ್ಮ ಕಾಕಾ ಫೋನ್ ಮಾಡಿದ್ರು. 'ತಮ್ಮಾ, ಡಾಕ್ಟರು ಎಜೆಟಿಮೈಬ್ ಅಂತ ಇನ್ನೊಂದು ಗುಳಿಗಿ ಬರದಾರ. ಕರುಳಾಗ ಕೆಲಸ ಮಾಡತೈತಂತ. ಬ್ಯಾನಿ ಎದಿದು, ಗುಳಿಗಿ ಕರುಳಿಗ್ಯಾಕ?'

ಪ್ರಶ್ನೆ ಸರಿಯಾಗೇ ಇತ್ತು. ಕೊಲೆಸ್ಟ್ರಾಲ್ ಬರೋದು ಊಟದಿಂದಷ್ಟೇ ಅಲ್ಲ. ಯಕೃತ್ತು ಅದನ್ನ ತಯಾರಿಸಿ ಪಿತ್ತದ ಜೊತೆ ಕರುಳಿಗೆ ಸುರಿಯುತ್ತೆ, ಕರುಳು ಅದರಲ್ಲಿ ಒಂದು ಪಾಲನ್ನ ಮತ್ತೆ ಹೀರಿಕೊಳ್ಳುತ್ತೆ. ಈ ದಾರಿಗೆ ಅಡ್ಡ ನಿಂತ ಹಳೇ ಮದ್ದುಗಳಲ್ಲಿ ಒಂದು ಕೊಲೆಸ್ಟೈರಮೀನ್ ಅನ್ನೋ ಪುಡಿ. ಪಿತ್ತದ ಆಮ್ಲಗಳನ್ನ ಕರುಳಲ್ಲೇ ಹಿಡಿದು ಹೊರಗೆ ಸಾಗಿಸೋದು ಅದರ ಕೆಲಸ. 1984ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 3,806 ಗಂಡಸರಿದ್ದರು. ಪುಡಿ ಪಡೆದವರಲ್ಲಿ ಹೃದಯಾಘಾತ, ಹೃದ್ರೋಗದ ಸಾವು ಸೇರಿ 19% ಕಡಿಮೆ. ಆದರೆ ದಿನಕ್ಕೆ 24 ಗ್ರಾಂ! ಮರಳಿನಂಥ ಪುಡಿ, ಮೇಲೆ ಮಲಬದ್ಧತೆ. ಯಾರು ಕುಡೀತಾರೆ ಹೇಳಿ?

1990ರ ದಶಕದಲ್ಲಿ ನ್ಯೂಜೆರ್ಸಿಯ ಶೆರಿಂಗ್-ಪ್ಲೌ ಕಂಪನಿಯವರು ಎಕ್ಯಾಟ್ ಅನ್ನೋ ಕಿಣ್ವ ತಡೆಯೋ ಮದ್ದು ಹುಡುಕ್ತಿದ್ದರು. ಒಂದು ಸಂಯುಕ್ತ ಆ ಕೆಲಸದಲ್ಲಿ ದುರ್ಬಲ. ಆದ್ರೂ ಹ್ಯಾಮ್‌ಸ್ಟರ್‌ಗಳ ಕೊಲೆಸ್ಟ್ರಾಲ್ ಇಳೀತು. ಪುಣ್ಯಕ್ಕೆ ಅದನ್ನ ಬಿಸಾಡಲಿಲ್ಲ. ಮಾರ್ಗರೆಟ್ ವ್ಯಾನ್ ಹೀಕ್ ತಂಡ ಅದನ್ನ ಇಲಿಗಳಿಗೆ ಕೊಟ್ಟು, ಅವುಗಳ ಪಿತ್ತ ತೆಗೆದು, ಬೇರೆ ಇಲಿಗಳ ಕರುಳಿಗೆ ಹಾಕಿತು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಜಾಗ ಇದೇ: ಮೂಲ ಮದ್ದಿಗಿಂತ ಆ ಪಿತ್ತವೇ ಜೋರಾಗಿ ಕೆಲಸ ಮಾಡಿತು. ದೇಹವೇ ಮದ್ದನ್ನ ಬದಲಿಸಿ, ಬೇಕಾದ ಕರುಳಿನ ಗೋಡೆಗೇ ವಾಪಸ್ ಕಳಿಸ್ತಿತ್ತು. ಅದರ ಜಾಡು ಹಿಡಿದು ರಸಾಯನಶಾಸ್ತ್ರಜ್ಞರು ಎಜೆಟಿಮೈಬ್ ಕಟ್ಟಿದರು. ದಿನಕ್ಕೆ 10 ಮಿಲಿಗ್ರಾಂ ಸಾಕು.

2002ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಕರುಳಲ್ಲಿ ಅದು ತಡೆಯೋ ದಾರಿ ಎನ್‌ಪಿಸಿ1ಎಲ್1 ಎಂಬ ಪ್ರೋಟೀನ್ ಅಂತ ಗೊತ್ತಾಗಿದ್ದು 2004ರಲ್ಲಿ! ಅಂದ್ರೆ ಮದ್ದು ಮೊದಲು ಬಂತು, ಬೀಗ ಆಮೇಲೆ ಸಿಕ್ಕಿತು.

ನನ್ನ ತಕರಾರು ಇದಕ್ಕಲ್ಲ. ರಿಪೋರ್ಟಿನ ಅಂಕಿ ಇಳಿದರೆ ಹೃದಯ ಉಳೀತು ಅಂತ ಅರ್ಥವೇ? 2008ರ ಎನ್‌ಹಾನ್ಸ್ ಅಧ್ಯಯನದಲ್ಲಿ ಎಲ್‌ಡಿಎಲ್ ಇಳಿದರೂ ಕತ್ತಿನ ರಕ್ತನಾಳದ ಗೋಡೆಯ ದಪ್ಪದಲ್ಲಿ ಲಾಭ ಕಾಣಲಿಲ್ಲ. ಉತ್ತರಕ್ಕೆ 2015ರ ತನಕ ಕಾಯಬೇಕಾಯ್ತು. ಅಲ್ಲೀವರೆಗೆ ಜನ ನಂಬಿಕೆ ಮೇಲೇ ನುಂಗಿದರು. ಇಂಪ್ರೂವ್-ಇಟ್ ಪ್ರಯೋಗದಲ್ಲಿ ಹೃದಯದ ತುರ್ತು ಸ್ಥಿತಿಯಿಂದ ಆಗಷ್ಟೇ ಚೇತರಿಸಿಕೊಂಡಿದ್ದ 18,144 ರೋಗಿಗಳಿದ್ದರು. ಏಳು ವರ್ಷದ ಲೆಕ್ಕದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಸ್ಟ್ಯಾಟಿನ್ ಮಾತ್ರ ತಗೊಂಡವರಲ್ಲಿ 34.7%, ಜೊತೆಗೆ ಎಜೆಟಿಮೈಬ್ ತಗೊಂಡವರಲ್ಲಿ 32.7%. ನೂರಕ್ಕೆ ಇಬ್ಬರು. ಅದೂ ಸ್ಟ್ಯಾಟಿನ್‌ನಿಂದಲೇ ಎಲ್‌ಡಿಎಲ್ ಸುಮಾರು 70ಕ್ಕೆ ಇಳಿದಿದ್ದ ಮೇಲೆ.