201 ಅಂಕಿಗಳ ಒಂದು ಸಂಖ್ಯೆ ಮತ್ತು ಅದರ 23ನೆಯ ಮೂಲ

1977ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಬೆಂಗಳೂರಿನ ಶಕುಂತಲಾ ದೇವಿಯವರು 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿದರು. ಉತ್ತರ 54,63,72,891. ಸಂಖ್ಯೆಯ ಉದ್ದವೇ ಈ ಪ್ರಸಂಗದ ಖ್ಯಾತಿಗೆ ಕಾರಣವಾಯಿತು. ಆದರೆ ಮೂಲ ತೆಗೆಯುವ ಲೆಕ್ಕದ ಭಾರವನ್ನು ಆ ಉದ್ದದಿಂದ ಅಳೆಯಲಾಗದು ಎಂಬುದು ಈ ಲೇಖನದ ವಾದ.

ಆ ಸಂಖ್ಯೆ 916748ರಿಂದ ಆರಂಭವಾಗಿ 771ರಲ್ಲಿ ಮುಗಿಯುತ್ತದೆ. ಅಂಕಿಗಳ ಮೊತ್ತ 882. ಅದರ ಮೂಲದಲ್ಲಿ 1ರಿಂದ 9ರವರೆಗಿನ ಅಂಕಿಗಳೆಲ್ಲ ಒಂದೊಂದು ಸಲ ಬಂದಿವೆ. ಇದು ಆಕಸ್ಮಿಕವಿರಲಾರದು, ಆರಿಸಿದವರ ಚಮತ್ಕಾರವಿರಬೇಕು. ಮೂಲವನ್ನು 27 ನಿಶ್ಶೇಷವಾಗಿ ಭಾಗಿಸುತ್ತದೆ. ಹಾಗಾಗಿ ಮೂಲದ 23ನೆಯ ಘಾತದಲ್ಲಿ 3 ಎಂಬ ಅಪವರ್ತನ 69 ಬಾರಿ ಸೇರಿಕೊಂಡಿದೆ.

ಮೊದಲು ಬಾಲದ ಕಡೆಯಿಂದ ನೋಡೋಣ. 2ರಿಂದಾಗಲಿ 5ರಿಂದಾಗಲಿ ಭಾಗವಾಗದ ಯಾವುದೇ ಸಂಖ್ಯೆಯ 20ನೆಯ ಘಾತ 01ರಲ್ಲಿ ಮುಗಿಯುತ್ತದೆ. ಆದ್ದರಿಂದ 23ನೆಯ ಘಾತದ ಕೊನೆಯ ಎರಡು ಅಂಕಿಗಳೂ ಘನದ ಕೊನೆಯ ಎರಡು ಅಂಕಿಗಳೂ ಒಂದೇ. 91ನ್ನು 91ರಿಂದ ಗುಣಿಸಿದರೆ 8281. ಅದರ 81ನ್ನು ಮತ್ತೆ 91ರಿಂದ ಗುಣಿಸಿದರೆ 7371. ಘನ 71ರಲ್ಲಿ ಮುಗಿಯುವಂಥ ಎರಡಂಕಿಯ ಕೊನೆ 91 ಒಂದೇ. ಅಂದರೆ ಕೊಟ್ಟ ಸಂಖ್ಯೆಯ ಕೊನೆಯ 71ನ್ನು ಕಂಡೊಡನೆ ಮೂಲದ ಕೊನೆಯ 91 ಖಚಿತವಾಗುತ್ತದೆ. ಇದನ್ನು ಬಾಯಿಪಾಠದ ಕೋಷ್ಟಕದಿಂದಲೇ ಹೇಳಬಹುದು. 20ನೆಯ ಮೂಲ ಕೇಳಿದ್ದರೆ ಈ ಸೌಲಭ್ಯ ಇರುತ್ತಿರಲಿಲ್ಲ. ಅಲ್ಲಿ ಇಂಥ ಸಂಖ್ಯೆಗಳ ಬಾಲ ಯಾವಾಗಲೂ 01.

ಇನ್ನು ತಲೆಯ ಕಡೆ. 201 ಅಂಕಿಗಳಿವೆ ಎಂಬ ಒಂದೇ ಸಂಗತಿ ಮೂಲವನ್ನು ಸುಮಾರು 49.6 ಕೋಟಿಗೂ 54.8 ಕೋಟಿಗೂ ನಡುವೆ ತಂದು ನಿಲ್ಲಿಸುತ್ತದೆ. ಸಂಖ್ಯೆಯಲ್ಲಿ ಉಳಿದ ಅನಿಶ್ಚಿತತೆ ಮೂಲಕ್ಕೆ ಬರುವಾಗ ಸಾಪೇಕ್ಷವಾಗಿ 23ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೊದಲ ಮೂರು ಅಂಕಿ 916 ಎಂದಷ್ಟೇ ತಿಳಿದರೆ ಸುಮಾರು 26,000 ಸಂಖ್ಯೆಗಳು ಉಳಿಯುತ್ತವೆ. 916748 ಎಂದು ಆರು ಅಂಕಿ ತಿಳಿದರೆ ಸುಮಾರು 26. ಈ 26ರೊಳಗೆ 91ರಲ್ಲಿ ಮುಗಿಯುವುದು ಒಂದಕ್ಕಿಂತ ಹೆಚ್ಚು ಇರಲು ಸಾಧ್ಯವಿಲ್ಲ. ಕೊಟ್ಟದ್ದು ಪೂರ್ಣ ಘಾತವೆಂಬ ಭರವಸೆ ಇದ್ದರೆ, ತಲೆಯ ಆರು ಮತ್ತು ಬಾಲದ ಎರಡು ಅಂಕಿಗಳು ಸಾಕು. ನಡುವಿನ 193 ಅಂಕಿಗಳನ್ನು ಒರೆಸಿಹಾಕಿದರೂ ಉತ್ತರ ಬದಲಾಗದು.

ಹಾಗೆಂದು ಕೆಲಸ ಹಗುರವಾಗಲಿಲ್ಲ. 9.16748ರ ಲಾಗರಿದಮ್ 0.96225. ಇದಕ್ಕೆ 200 ಕೂಡಿಸಿ 23ರಿಂದ ಭಾಗಿಸಿದರೆ 8.737489, ಇದರಿಂದ ಮತ್ತೆ ಸಂಖ್ಯೆಗೆ ಮರಳಲು ದಶಾಂಶದ ಆಚೆ ಏಳೆಂಟು ಸ್ಥಾನಗಳವರೆಗೆ ನಿಖರತೆ ಬೇಕು. ಶಕುಂತಲಾ ದೇವಿಯವರು ಇದೇ ದಾರಿಯಲ್ಲಿ ನಡೆದರೆಂದು ಈ ವಿಶ್ಲೇಷಣೆ ಸಾಧಿಸುವುದಿಲ್ಲ. ಎಷ್ಟು ಮಾಹಿತಿ ಸಾಕಾಗುತ್ತಿತ್ತು ಎಂಬುದನ್ನಷ್ಟೇ ತೋರಿಸುತ್ತದೆ.

ನನ್ನ ಲೆಕ್ಕದಲ್ಲಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು ಮಾಡಿದ ಗುಣಾಕಾರ ಇದಕ್ಕಿಂತ ದೊಡ್ಡದು. ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಗುಣಿಸಿ, 28 ಸೆಕೆಂಡುಗಳಲ್ಲಿ 26 ಅಂಕಿಗಳ ಉತ್ತರ ಕೊಟ್ಟರು. ಉದ್ದ ಡಲ್ಲಾಸಿನ ಸಂಖ್ಯೆಯ ಎಂಟನೇ ಒಂದು ಪಾಲಿನಷ್ಟು. ಆದರೆ ಶಾಲೆಯಲ್ಲಿ ಕಲಿತ ಕ್ರಮದಲ್ಲಿ ಹೋದರೆ, ಸೊನ್ನೆಗಳನ್ನು ಬಿಟ್ಟ ಮೇಲೂ 144 ಬಿಡಿ ಗುಣಲಬ್ಧಗಳಾಗುತ್ತವೆ. ಉತ್ತರದಲ್ಲಿ ಬಲಗಡೆಯಿಂದ ಹದಿಮೂರನೆಯ ಅಂಕಿ ಒಂದಕ್ಕೇ ಎರಡೂ ಸಂಖ್ಯೆಗಳ ಅಷ್ಟೂ ಅಂಕಿಗಳು ಬೇಕು, ಜೊತೆಗೆ ಹಿಂದಿನ ಸ್ಥಾನಗಳಿಂದ ಬಂದ ದಶಕವೂ ಬೇಕು.