ತಲೆ ಆಡಿಸೋದು ಬೇರೆ, ಮನಸ್ಸು ಕೊಡೋದು ಬೇರೆ 🏑

ವಿಜಯನಗರದಲ್ಲಿ ನೇರಳೆ ಮೆಟ್ರೋ ಹತ್ತಿ ಕೆಂಗೇರಿ ಕಡೆ ಹೊರಟರೆ ನಡುವೆ ಜ್ಞಾನಭಾರತಿ ನಿಲ್ದಾಣ ಬರುತ್ತೆ ಅಲ್ವಾ? ಆ ಭಾಗದಲ್ಲೇ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರ ಇದೆ. ದೇಶದ ಮಹಿಳಾ ಹಾಕಿ ತಂಡ ಟೋಕಿಯೋ ಒಲಿಂಪಿಕ್ಸ್‌ಗೆ ಬೆವರು ಸುರಿಸಿದ್ದು ಇಲ್ಲೇ, ನಮ್ಮ ಪಕ್ಕದಲ್ಲೇ.

ಇವತ್ತಿನ ಪ್ರಶ್ನೆ: ಹೊಸ ಕೋಚ್ ಬಂದ ತಕ್ಷಣ ತಂಡ ಬದಲಾಗುತ್ತಾ?

1️⃣ ಶುರುವಾಗಿದ್ದು ತಳದಿಂದ
2016, ರಿಯೋ. 36 ವರ್ಷಗಳ ನಂತರ ನಮ್ಮ ಮಹಿಳಾ ಹಾಕಿ ತಂಡ ಒಲಿಂಪಿಕ್ಸ್‌ಗೆ ಹೋಯ್ತು. ಬಂದಿದ್ದು 12 ತಂಡಗಳಲ್ಲಿ 12ನೇ ಸ್ಥಾನ.

2017ರಲ್ಲಿ ನೆದರ್ಲೆಂಡ್ಸ್‌ನ ಶೋರ್ಡ್ ಮರೈನ್ ಕೋಚ್ ಆದರು. ಕೆಲವೇ ತಿಂಗಳಲ್ಲಿ ಅವರನ್ನು ಪುರುಷರ ತಂಡಕ್ಕೆ ಕಳಿಸಿ, ಇಲ್ಲಿಗೆ ಹರೇಂದ್ರ ಸಿಂಗ್ ಅವರನ್ನು ತಂದರು. ಮೇ 2018ರಲ್ಲಿ ಮತ್ತೆ ಅದಲು ಬದಲು! ಒಂದೂವರೆ ವರ್ಷದೊಳಗೆ ಮೂರು ಸಲ ಹೊಸ ಮುಖ್ಯ ಕೋಚ್. ನೀವೇ ಹೇಳಿ, ಯಾರ ಮಾತನ್ನು ಮನಸ್ಸಿಗೆ ತಗೋಬೇಕು?

2️⃣ ಓಡೋದು ಯಾಕೆ?
ಹಾಕಿ ಅಂದ್ರೆ 15 ನಿಮಿಷದ ನಾಲ್ಕು ಕ್ವಾರ್ಟರ್. ಎದುರಾಳಿ ಚೆಂಡು ತರುವಾಗ ಮುಂದಿನ ಸಾಲಿನವರು ಒಟ್ಟಿಗೆ ಮುನ್ನುಗ್ಗಿ ದಾರಿ ಮುಚ್ಚಬೇಕು. ಒಬ್ಬಳು ನಿಂತುಬಿಟ್ಟರೆ ಸಾಕು, ಉಳಿದವರ ಓಟವೆಲ್ಲ ವ್ಯರ್ಥ. ಅದಕ್ಕೇ ದಕ್ಷಿಣ ಆಫ್ರಿಕಾದ ವೇಯ್ನ್ ಲೊಂಬಾರ್ಡ್ ಫಿಟ್ನೆಸ್ ಜವಾಬ್ದಾರಿ ಹೊತ್ತರು. ಕೋಚ್ ಓಡಿಸಬಹುದು, ನಿಜ. ಆದ್ರೆ 57ನೇ ನಿಮಿಷದಲ್ಲಿ, ಕಾಲು ಸೋತಾಗ, ಓಡೋದು ಬಿಡೋದು ಆಟಗಾರ್ತಿಯದೇ ತೀರ್ಮಾನ.

3️⃣ ಯಾರೂ ನೋಡದಿದ್ದಾಗ
2020ರ ಲಾಕ್‌ಡೌನ್‌ನಲ್ಲಿ ತಂಡ ಸಾಯ್ ಕೇಂದ್ರದಲ್ಲೇ ಉಳೀತು. ಮೈದಾನ ಕಣ್ಣೆದುರೇ ಇತ್ತು, ಆಡೋ ಹಾಗಿರಲಿಲ್ಲ. ಆಗ ಆಟಗಾರ್ತಿಯರು 18 ದಿನಗಳ ಆನ್‌ಲೈನ್ ಫಿಟ್ನೆಸ್ ಚಾಲೆಂಜ್ ಶುರು ಮಾಡಿದರು. ದಿನಕ್ಕೊಂದು ಕಸರತ್ತು, ಹತ್ತು ಜನರಿಗೆ ಟ್ಯಾಗ್, ಜೊತೆಗೆ 100 ರೂಪಾಯಿ ದೇಣಿಗೆ. ಒಟ್ಟಾಗಿದ್ದು 20 ಲಕ್ಷ ರೂಪಾಯಿಗೂ ಹೆಚ್ಚು. ಅದು ವಲಸೆ ಕಾರ್ಮಿಕರಂಥ ಕಷ್ಟದಲ್ಲಿದ್ದವರ ಊಟಕ್ಕೆ ಹೋಯ್ತು.

ಏಪ್ರಿಲ್ 2021ರಲ್ಲಿ ನಾಯಕಿ ರಾಣಿ ಸೇರಿ ಏಳು ಆಟಗಾರ್ತಿಯರಿಗೆ ಕೋವಿಡ್. ಮೇ ಕೊನೆಗೆ ವಂದನಾ ಕಟಾರಿಯಾ ಅವರ ತಂದೆ ತೀರಿಕೊಂಡರು. ಬೆಂಗಳೂರಿನ ಶಿಬಿರದಲ್ಲಿದ್ದ ವಂದನಾಗೆ ಕೊನೆಯ ಸಲ ಮುಖ ನೋಡೋಕೂ ಹೋಗಲಾಗಲಿಲ್ಲ. ಇಂಥ ಬೆಲೆಯನ್ನು ಯಾವ ಕೋಚೂ ಕೇಳಿ ಪಡೆಯೋಕಾಗಲ್ಲ, ಕೇಳಲೂಬಾರದು.

4️⃣ ಟೋಕಿಯೋ
ಮೊದಲ ಮೂರು ಪಂದ್ಯ: ನೆದರ್ಲೆಂಡ್ಸ್ ವಿರುದ್ಧ 1–5, ಜರ್ಮನಿ ವಿರುದ್ಧ 0–2, ಬ್ರಿಟನ್ ವಿರುದ್ಧ 1–4. ಮೂರೂ ಸೋಲು. ತಲೆ ಮಾತ್ರ ಆಡಿಸಿದ್ದ ತಂಡ ಆಗಿದ್ದರೆ ಇಲ್ಲೇ ಒಬ್ಬರ ಮೇಲೊಬ್ಬರು ಬೆರಳು ತೋರಿಸಿ ಮನೆಗೆ ಬರ್ತಿತ್ತು.

ಇವರು ಬರಲಿಲ್ಲ. ಐರ್ಲೆಂಡ್ ವಿರುದ್ಧ 57ನೇ ನಿಮಿಷದಲ್ಲಿ ನವನೀತ್ ಕೌರ್ ಗೋಲು, 1–0. ದಕ್ಷಿಣ ಆಫ್ರಿಕಾ ವಿರುದ್ಧ 4–3, ಅದರಲ್ಲಿ ಮೂರು ವಂದನಾ ಅವರದೇ. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಮಹಿಳೆ. ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯಾ: 22ನೇ ನಿಮಿಷಕ್ಕೆ ಗುರ್ಜಿತ್ ಕೌರ್ ಗೋಲು. ಉಳಿದ 38 ನಿಮಿಷ ಗೋಲ್‌ಕೀಪರ್ ಸವಿತಾ ಮತ್ತು ಇಡೀ ತಂಡ ಅಡ್ಡಗೋಡೆ. 1–0!

ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಎದುರು 1–2. ಕಂಚಿನ ಪಂದ್ಯದಲ್ಲಿ ಬ್ರಿಟನ್ ವಿರುದ್ಧ 0–2ರಿಂದ ಎದ್ದು 3–2 ಮುನ್ನಡೆ, ಕೊನೆಗೆ 3–4. ಪದಕ ಕೈತಪ್ಪಿತು. ಆದ್ರೆ 12ನೇ ಸ್ಥಾನದಿಂದ 4ಕ್ಕೆ!

5️⃣ ಕಥೆ ಇಲ್ಲಿಗೇ ಮುಗಿಯಲ್ಲ
ಮರೈನ್ ಹೊರಟರು. 2020ರಿಂದ ಅವರ ಜೊತೆಗಿದ್ದ ಯಾನೆಕೆ ಶೋಪ್‌ಮನ್ ಮುಖ್ಯ ಕೋಚ್ ಆದರು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಬಂತು. ಆದ್ರೆ ಜನವರಿ 2024ರಲ್ಲಿ ರಾಂಚಿಯಲ್ಲಿ ಜಪಾನ್ ಎದುರು 0–1 ಸೋತು ಪ್ಯಾರಿಸ್ ಬಾಗಿಲು ಮುಚ್ಚಿತು. ಒಮ್ಮೆ ಗಳಿಸಿದ್ದು ಬ್ಯಾಂಕಿನ ಠೇವಣಿ ಥರ ತಾನಾಗೇ ಬೆಳೆಯಲ್ಲ. ದಿನಾ ಬೆಳಗ್ಗೆ ಮತ್ತೆ ಗಳಿಸಬೇಕು.

ರಾಜಾಜಿನಗರವೋ, ಬಸವೇಶ್ವರನಗರವೋ, ನಿಮ್ಮ ಕಾಲೇಜು ತಂಡಕ್ಕೂ ಈ ವರ್ಷ ಹೊಸ ಕೋಚ್ ಬಂದಿರಬಹುದು. ಮೊದಲ ವಾರ ಎಲ್ಲರೂ ಜೋರಾಗಿ ಓಡ್ತಾರೆ. ಅದನ್ನು ಲೆಕ್ಕಕ್ಕೆ ಇಡಬೇಡಿ. ಮೂರು ಪಂದ್ಯ ಸೋತ ಮರುದಿನ ಅಭ್ಯಾಸಕ್ಕೆ ಎಷ್ಟು ಜನ ಬರ್ತಾರೆ, ಅದನ್ನು ಎಣಿಸಿ.

ನಿಮ್ಮ ತಂಡದಲ್ಲಿ ಎಷ್ಟು ಜನ ಬರ್ತಾರೆ? ಕಾಮೆಂಟಲ್ಲಿ ಹೇಳಿ 👇

#ನಮ್ಮೂರ_ಇತಿಹಾಸ #ಜ್ಞಾನಭಾರತಿ #ಹಾಕಿ