ಸೇತುವೆ ಟ್ಯಾಂಕು

ತೋಪಿನ ಗೋಪುರ ಕಳಚಿ, ಆ ಜಾಗದಲ್ಲಿ ಲೋಹದ ಸೇತುವೆಯೊಂದನ್ನು ಹೇರಿಕೊಂಡ ಟ್ಯಾಂಕೇ ಸೇತುವೆ ಟ್ಯಾಂಕು. ಬೇಗ ಸೇತುವೆ ಹಾಕುವ ಯಂತ್ರವೆಂದು ಇದನ್ನು ವರ್ಣಿಸುವುದು ರೂಢಿ. ಆದರೆ ಇದರ ಚರಿತ್ರೆಯನ್ನು ಗಮನಿಸಿದರೆ, ವೇಗಕ್ಕಿಂತ ದೊಡ್ಡ ಚಿಂತೆಯೊಂದು ಇದನ್ನು ರೂಪಿಸಿದ್ದು ಕಾಣುತ್ತದೆ: ಗುಂಡು ಹಾರುತ್ತಿರುವಾಗ ಕಂದಕದ ಅಂಚಿನಲ್ಲಿ ಮನುಷ್ಯರನ್ನು ನಿಲ್ಲಿಸದೆ ದಾಟುವುದು ಹೇಗೆ? 1917ರ ನವೆಂಬರ್ 20ರಂದು ಫ್ರಾನ್ಸಿನ ಕಾಂಬ್ರೇಯಲ್ಲಿ ಬ್ರಿಟಿಷ್ ಟ್ಯಾಂಕುಗಳು ಸರಪಳಿಯಿಂದ ಬಿಗಿದ ಭಾರಿ ಸೌದೆಹೊರೆಗಳನ್ನು ನೆತ್ತಿಯ ಮೇಲೆ ಹೊತ್ತು ಬಂದವು. ಜರ್ಮನರ ಅಗಲವಾದ ಕಂದಕಗಳಿಗೆ ಅವನ್ನು ಉರುಳಿಸಿ, ಅವುಗಳ ಮೇಲೆಯೇ ಹಾದು ಹೋದವು. ಆದರೆ ಹೊರೆ ಒಮ್ಮೆ ಬಿದ್ದರೆ ಬಿತ್ತು, ಮುಂದಿನ ಕಂದಕಕ್ಕೆ ಇನ್ನೊಂದು ಟ್ಯಾಂಕಿನ ಹೊರೆಯೇ ಬೇಕು. ಆ ಕೊರತೆ ನೀಗಿದ್ದು ಎರಡನೆಯ ಮಹಾಯುದ್ಧದಲ್ಲಿ. ವ್ಯಾಲೆಂಟೈನ್ ಟ್ಯಾಂಕಿನ ಮೇಲೆ ಕತ್ತರಿಯಂತೆ ಮಡಚಿಟ್ಟ 30 ಅಡಿಯ ಸೇತುವೆ ಒಳಗಿನಿಂದಲೇ ಬಿಚ್ಚಿಕೊಂಡು ಆಚೆ ದಡ ಮುಟ್ಟುತ್ತಿತ್ತು. ಕೆಲಸ ಮುಗಿದ ಮೇಲೆ ಅದನ್ನೇ ಎತ್ತಿಕೊಂಡು ಮುಂದೆ ಸಾಗಬಹುದಿತ್ತು.

ಅದೇ ಯುದ್ಧದಲ್ಲಿ, ಬಿಡಿ ಚೌಕಟ್ಟುಗಳನ್ನು ಜೋಡಿಸಿ ಕಟ್ಟುವ ಬೈಲಿ ಸೇತುವೆ ಇದಕ್ಕಿಂತ ಎಷ್ಟೋ ಪಾಲು ಅಗಲದ ಹೊಳೆಗಳನ್ನು ದಾಟಿಸಿತಲ್ಲ, 30 ಅಡಿಗೆ ಒಂದು ಟ್ಯಾಂಕನ್ನೇ ಮುಡಿಪಿಡಬೇಕೆ ಎಂದು ಕೇಳಬಹುದು. ಬೈಲಿಯ ಒಂದೊಂದು ಚೌಕಟ್ಟನ್ನೂ ಎತ್ತಲು ಆರು ಜನ ಬೇಕು, ಅವರು ಬಯಲಿನಲ್ಲೇ ನಿಂತು ಗಂಟೆಗಟ್ಟಲೆ ದುಡಿಯಬೇಕು. ಶತ್ರು ಹಿಮ್ಮೆಟ್ಟಿದ ಮೇಲೆ ಅದು ಸಾಧ್ಯ, ಎದುರು ದಡದಲ್ಲಿ ಅವನಿರುವಾಗ ಸಾಧ್ಯವಿಲ್ಲ. 1973ರ ಅಕ್ಟೋಬರಿನಲ್ಲಿ, ಸಿರಿಯಾ-ಇಸ್ರೇಲ್ ಯುದ್ಧದ ವೇಳೆ, ಗೋಲಾನ್ ಎತ್ತರದಲ್ಲಿ ಈ ವ್ಯತ್ಯಾಸ ಕಣ್ಣಿಗೆ ರಾಚುವಂತೆ ಕಂಡಿತು. ಇಸ್ರೇಲ್ ತೋಡಿದ್ದ ಟ್ಯಾಂಕುತಡೆ ಕಂದಕದತ್ತ ಸಿರಿಯಾದ ಪಡೆ ಸೇತುವೆ ಟ್ಯಾಂಕುಗಳನ್ನು ಮುಂದೆ ಬಿಟ್ಟಿತು. ಇಸ್ರೇಲಿ ಟ್ಯಾಂಕುಗಳು ದೂರದಿಂದಲೇ ಅವನ್ನೇ ಆರಿಸಿ ಹೊಡೆದವು. ಸೇತುವೆ ಬಾರದ ಕಡೆ ಸಿರಿಯಾದ ಸೈನಿಕರು ಸಣ್ಣ ಗುದ್ದಲಿ ಹಿಡಿದು, ಗುಂಡಿನ ನಡುವೆಯೇ ಕಂದಕಕ್ಕೆ ಮಣ್ಣು ಎಳೆದು ದಾರಿ ಮಾಡಬೇಕಾಯಿತು. ಯಾವ ಕೆಲಸದಿಂದ ಮನುಷ್ಯನನ್ನು ಬಿಡಿಸಲು ಈ ವಾಹನ ಹುಟ್ಟಿತ್ತೋ, ಅದು ಸುಟ್ಟುಹೋದ ಗಳಿಗೆಯಲ್ಲೇ ಆ ಕೆಲಸ ಮತ್ತೆ ಅವನ ಕೈಗೆ ಬಿತ್ತು.

ಹಾಗಾದರೆ ಇದು ಸುಲಭದ ಗುರಿಯಷ್ಟೇ ಅಲ್ಲವೆ? ಕತ್ತರಿ ಸೇತುವೆಗೆ ಈ ಆಕ್ಷೇಪ ಸಲ್ಲುತ್ತದೆ. ಬಿಚ್ಚುವಾಗ ಅದು ಆಕಾಶಕ್ಕೆ ನೆಟ್ಟಗೆ ನಿಂತು ಮೈಲಿ ದೂರಕ್ಕೂ ಕಾಣುತ್ತದೆ. ಆದರೆ ಅದಕ್ಕೆ ಉತ್ತರವೂ ಇಂಥ ವಾಹನದೊಳಗಿಂದಲೇ ಬಂತು. ಲೆಪರ್ಡ್ ಟ್ಯಾಂಕಿನ ಒಡಲಿನ ಮೇಲೆ ಪಶ್ಚಿಮ ಜರ್ಮನಿ ರೂಪಿಸಿದ ಬೀಬರ್, 22 ಮೀಟರ್ ಸೇತುವೆಯನ್ನು ಮೇಲೆತ್ತದೆ, ನೆಲಕ್ಕೆ ಸಮನಾಗಿ ಮುಂದಕ್ಕೆ ಸರಿಸುತ್ತದೆ. ಉಕ್ಕಿನ ಕವಚದ ಹಿಂದೆ ಕುಳಿತ ಇಬ್ಬರೇ ಅದನ್ನು ನಿಮಿಷಗಳಲ್ಲಿ ಹಾಕುತ್ತಾರೆ. ಭಾರತದಲ್ಲೂ ವಿಜಯಂತ ಟ್ಯಾಂಕಿನ ಒಡಲಿನ ಮೇಲೆ ಕಾರ್ತಿಕ್ ಎಂಬ ಸೇತುವೆ ಟ್ಯಾಂಕು ಬಂತು. ನಂತರ ಅದೇ ಕೆಲಸಕ್ಕೆ ಟಿ-72 ಟ್ಯಾಂಕಿನ ಒಡಲನ್ನು ಆರಿಸಿದರು. ಈ ಆಯ್ಕೆಗಳ ಹಿಂದಿನ ತರ್ಕ ಇದು: ಕಾದಾಡುವ ಟ್ಯಾಂಕಿನಷ್ಟೇ ವೇಗ, ಅಷ್ಟೇ ಕವಚ, ಅದೇ ಬಿಡಿಭಾಗಗಳು ಇಲ್ಲದಿದ್ದರೆ ಸೇತುವೆ ಹಿಂದೆ ಉಳಿಯುತ್ತದೆ, ಕಂದಕದ ಅಂಚಿನಲ್ಲಿ ಸಾಲುಗಟ್ಟಿದ ಟ್ಯಾಂಕುಗಳು ಅದಕ್ಕಾಗಿ ಕಾಯುತ್ತಾ ನಿಲ್ಲುತ್ತವೆ.